ರೋಗಿಯ ಗುಟ್ಟು: ಜನಪದ ವೈದ್ಯದ ಗೋಪ್ಯತೆ ಮತ್ತು ವಿದ್ಯುನ್ಮಾನ ಆರೋಗ್ಯ ದಾಖಲೆ

ದೇಹಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ಯಾವುದನ್ನು ಯಾರ ಮುಂದೆ ಹೇಳಬಹುದು, ಯಾವುದನ್ನು ಹೇಳಬಾರದು ಎಂಬ ಕಟ್ಟಳೆಗಳು ಎಲ್ಲ ಸಮಾಜಗಳಲ್ಲಿಯೂ ಇವೆ. ಈ ಕಟ್ಟಳೆಗಳು ಬರೆದಿಟ್ಟವುಗಳಲ್ಲ. ಗಾದೆ, ಕಥೆ, ಆಚರಣೆ, ನಿಷೇಧ, ಸಂಬೋಧನೆಯ ರೀತಿ ಇವುಗಳಲ್ಲಿ ಅವು ಹರಡಿಕೊಂಡಿವೆ. ಕನ್ನಡ ನಾಡಿನ ಜನಪದ ವೈದ್ಯವನ್ನು ಕುರಿತು ಕಳೆದ ಹಲವು ದಶಕಗಳಲ್ಲಿ ಸಾಕಷ್ಟು ಕ್ಷೇತ್ರಕಾರ್ಯ ನಡೆದಿದೆ. ಗಿಡಮೂಲಿಕೆಗಳ ಪಟ್ಟಿ, ಚಿಕಿತ್ಸಾ ವಿಧಾನ, ಮಂತ್ರ ಮತ್ತು ಆಚರಣೆಗಳ ದಾಖಲಾತಿ ಇವು ಆ ಅಧ್ಯಯನಗಳ ಮುಖ್ಯ ಫಲಗಳು. ಆದರೆ ವೈದ್ಯನ ಎದುರು ಕುಳಿತ ರೋಗಿ ಹೇಳಿಕೊಂಡ ಮಾತು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಇಂದು ಈ ಪ್ರಶ್ನೆ ಬೇರೊಂದು ದಿಕ್ಕಿನಿಂದ ಎದುರಾಗಿದೆ. ರೋಗಿಯ ಚರಿತ್ರೆಯು ಆಸ್ಪತ್ರೆಯ ಕಡತದಿಂದ ಗಣಕಯಂತ್ರಕ್ಕೆ, ಅಲ್ಲಿಂದ ಅಂತರಜಾಲದ ಮೂಲಕ ಪರಸ್ಪರ ಜೋಡಣೆಗೊಂಡ ದಾಖಲೆ ವ್ಯವಸ್ಥೆಗೆ ಸಾಗಿದೆ. ಈ ವ್ಯವಸ್ಥೆಯ ಖಾಸಗಿತನ ಮತ್ತು ಭದ್ರತೆಯನ್ನು ಸಾಮಾನ್ಯವಾಗಿ ತಂತ್ರಜ್ಞರೂ ಕಾನೂನು ಪಂಡಿತರೂ ಚರ್ಚಿಸುತ್ತಾರೆ. ಜನಪದರಲ್ಲಿ ರೂಢಿಯಲ್ಲಿರುವ ಗೋಪ್ಯತೆಯ ಪರಿಕಲ್ಪನೆಯ ಹಿನ್ನೆಲೆಯಲ್ಲಿ ಈ ವಿಷಯವನ್ನು ಪರಿಶೀಲಿಸುವುದು ಹಾಗೂ ಜಾನಪದ ಸಂಗ್ರಹಗಳಿಗೂ ಇದಕ್ಕೂ ಇರುವ ನಂಟನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಬಗೆಯ ಗುಟ್ಟು

ಜನಪದ ವೈದ್ಯದಲ್ಲಿ ಎರಡು ಬಗೆಯ ಗುಟ್ಟುಗಳನ್ನು ಪ್ರತ್ಯೇಕಿಸಿ ನೋಡಬೇಕಾಗುತ್ತದೆ. ಮೊದಲನೆಯದು ಮದ್ದಿನ ಗುಟ್ಟು. ಮದ್ದಿನ ಬೇರು ಯಾವುದೆಂದು ಹೇಳಿಬಿಟ್ಟರೆ ಅದರ ಗುಣ ಹೋಗುತ್ತದೆ ಎಂಬ ನಂಬಿಕೆ ನಾಡಿನ ಬಹುಭಾಗಗಳಲ್ಲಿದೆ. ಅರಿಶಿನ ಕಾಮಾಲೆಗೆ ಸೊಪ್ಪಿನ ರಸ ಕೊಡುವವರು, ಮುರಿದ ಎಲುಬನ್ನು ಕೂಡಿಸಿ ಕಟ್ಟುವವರು, ವಿಷ ಇಳಿಸುವವರು ತಮ್ಮ ವಿದ್ಯೆಯನ್ನು ಮನೆತನದ ಒಬ್ಬರಿಗೆ ಮಾತ್ರ ಒಪ್ಪಿಸುವುದು ಸಾಮಾನ್ಯ ರೂಢಿ. ವಿದ್ವಾಂಸರ ಗಮನ ಹೆಚ್ಚಾಗಿ ಹರಿದದ್ದು ಈ ಗುಟ್ಟಿನ ಕಡೆಗೆ. ಗಾಯ ಮಾಯಿಸಲು ಅರಿಶಿನ ಬಳಸುವ ತಿಳಿವಳಿಕೆಗೆ ಅಮೆರಿಕದಲ್ಲಿ 1995ರಲ್ಲಿ ನೀಡಲಾಗಿದ್ದ ಪೇಟೆಂಟ್ ಭಾರತದ ಆಕ್ಷೇಪಣೆಯ ಫಲವಾಗಿ 1997ರಲ್ಲಿ ರದ್ದಾದುದು ಪ್ರಸಿದ್ಧ ಸಂಗತಿ. ಆ ಬಳಿಕ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ರೂಪುಗೊಂಡಿತು. 2002ರ ಜೀವವೈವಿಧ್ಯ ಕಾಯಿದೆಯ ಅಡಿಯಲ್ಲಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸತೊಡಗಿದವು. ಮದ್ದಿನ ಗುಟ್ಟನ್ನು ಬಯಲು ಮಾಡಬೇಕೆ, ಮಾಡಿದರೆ ಅದರ ಲಾಭ ಯಾರಿಗೆ ಎಂಬ ವಾಗ್ವಾದ ಇಂದಿಗೂ ನಡೆದಿದೆ.

ಎರಡನೆಯದು ರೋಗಿಯ ಗುಟ್ಟು. ಮದ್ದಿನ ಗುಟ್ಟಿಗೆ ಒಡೆಯನಾದವನು ವೈದ್ಯ. ರೋಗಿಯ ಗುಟ್ಟಿನ ವಿಷಯದಲ್ಲಿ ಅವನು ಕೇವಲ ಕಾವಲುಗಾರ. ವೈದ್ಯನಲ್ಲಿಯೂ ವಕೀಲನಲ್ಲಿಯೂ ಸುಳ್ಳು ಹೇಳಬಾರದೆಂಬ ಲೋಕರೂಢಿಯ ಮಾತು ಒಂದು ಒಪ್ಪಂದವನ್ನು ಸೂಚಿಸುತ್ತದೆ. ರೋಗಿ ಮುಚ್ಚುಮರೆಯಿಲ್ಲದೆ ಹೇಳಬೇಕು, ಕೇಳಿದವನು ಅದನ್ನು ಹೊರಗೆ ಆಡಬಾರದು. ಎರಡನೆಯ ಮಾತು ಉಳಿಯದಿದ್ದರೆ ಮೊದಲನೆಯದೂ ಉಳಿಯುವುದಿಲ್ಲ. ಬಂಜೆತನ, ಗರ್ಭಪಾತ, ಗುಪ್ತರೋಗ, ಬುದ್ಧಿಭ್ರಮೆ, ಕುಡಿತ ಇವುಗಳಿಗೆ ಮದ್ದು ಬೇಡಿ ಬರುವವರು ಊರಿನ ವೈದ್ಯನನ್ನು ಬಿಟ್ಟು ದೂರದ ಊರಿನ ವೈದ್ಯನನ್ನು ಹುಡುಕಿಕೊಂಡು ಹೋಗುವುದರ ಹಿಂದೆ ಕೈಗುಣದ ಹೆಸರಿನಷ್ಟೇ ಗುಟ್ಟಿನ ಚಿಂತೆಯೂ ಇರುತ್ತದೆ.

ಶಾಸ್ತ್ರೀಯ ಪರಂಪರೆಯಲ್ಲಿ ಈ ಒಪ್ಪಂದವು ಪ್ರತಿಜ್ಞೆಯ ರೂಪ ಪಡೆದಿದೆ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಬೋಧಿಸುವ ನಿಯಮಗಳಲ್ಲಿ, ರೋಗಿಯ ಮನೆಯೊಳಗೆ ಕಂಡ ನಡವಳಿಕೆಗಳನ್ನು ಹೊರಗೆ ಪ್ರಕಟಿಸಬಾರದೆಂಬುದೂ ಒಂದು. ಗ್ರೀಕ್ ಪರಂಪರೆಯ ಹಿಪೊಕ್ರೆಟಿಸ್ ಪ್ರತಿಜ್ಞೆಯಲ್ಲಿಯೂ ಇದೇ ಅರ್ಥದ ಕಟ್ಟಳೆಯಿದೆ. ರೋಗದ ಜೊತೆಗೆ ಮನೆಯ ವಿಷಯವನ್ನೂ ಚರಕಸಂಹಿತೆ ಸೇರಿಸಿರುವುದು ಗಮನಾರ್ಹ. ವೈದ್ಯನು ಹೊಸ್ತಿಲು ದಾಟಿ ಒಳಗೆ ಬರುತ್ತಾನೆ. ಒಳಗೆ ಬಂದವನಿಗೆ ಕೇಳದಿದ್ದುದೂ ಕಾಣುತ್ತದೆ. ವಿದ್ಯುನ್ಮಾನ ದಾಖಲೆಯ ಚರ್ಚೆಯಲ್ಲಿ ಈ ಅಂಶ ಮತ್ತೆ ಮುಖ್ಯವಾಗುವುದನ್ನು ಮುಂದೆ ನೋಡಬಹುದು.

ರೋಗದ ಹೆಸರು, ರೋಗದ ಗುರುತು

ಜನಪದ ಸಮಾಜದಲ್ಲಿ ಎಲ್ಲವೂ ಗುಟ್ಟಾಗಿರುತ್ತಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. ಕೆಲವು ಸ್ಥಿತಿಗಳನ್ನು ಬೇಕೆಂದೇ ಊರಿಗೆ ತಿಳಿಸಲಾಗುತ್ತಿತ್ತು. ಸಿಡುಬು ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಮನೆಯಲ್ಲಿ ಅಮ್ಮ ಬಂದಿದ್ದಾಳೆ, ಹೊರಗಿನವರು ಬರಬಾರದು, ಒಗ್ಗರಣೆ ಹಾಕಬಾರದು, ಮೈಲಿಗೆಯಾಗಬಾರದು ಎಂಬ ಹಲವು ಸೂಚನೆಗಳನ್ನು ಆ ಒಂದು ಸೊಪ್ಪಿನ ಕಟ್ಟು ಕೊಡುತ್ತಿತ್ತು. ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿದ ಮೇಲೆಯೂ ಸೀತಾಳೆ ಸಿಡುಬಿನ ಸಂದರ್ಭದಲ್ಲಿ ಈ ಆಚರಣೆ ಉಳಿದುಕೊಂಡಿದೆ. ಇಲ್ಲಿ ರೋಗ ಪ್ರಕಟವಾಗುತ್ತದೆ, ಆದರೆ ರೋಗಿಗೆ ಕಳಂಕ ತಟ್ಟುವುದಿಲ್ಲ. ದೇವಿಯ ಹೆಸರಿನಲ್ಲಿ ರೋಗವನ್ನು ಕರೆದುದರಿಂದ ರೋಗಿಯು ದೇವಿ ಆವರಿಸಿದ ವ್ಯಕ್ತಿಯಾಗುತ್ತಾನೆ. ಗುರುತನ್ನು ಕಟ್ಟುವವರು ಮನೆಯವರೇ. ದೇವಿಯನ್ನು ಕಳುಹಿಸಿಕೊಟ್ಟ ಮೇಲೆ ಅದನ್ನು ತೆಗೆಯುವವರೂ ಮನೆಯವರೇ.

ಇದಕ್ಕೆ ವಿರುದ್ಧವಾದ ಉದಾಹರಣೆ ಕುಷ್ಠದ್ದು. ಮಹಾರೋಗ ಎಂಬ ಹೆಸರೇ ಅದನ್ನು ಹೊರಗಿಡುವ ಹೆಸರು. ಅಂಥ ರೋಗಿಯ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಗೆ ಹೆಣ್ಣು ಕೊಡುವುದಿಲ್ಲ. ಕ್ಷಯ, ಮೂರ್ಛೆರೋಗ, ಹುಚ್ಚು ಇವುಗಳ ವಿಷಯದಲ್ಲಿಯೂ ಮದುವೆಯ ಮಾತುಕತೆಯ ಹೊತ್ತಿಗೆ ಮನೆತನದ ಆರೋಗ್ಯ ಚರಿತ್ರೆ ಊರ ಬಾಯಲ್ಲಿ ಮೌಖಿಕವಾಗಿ ಹೊರಬೀಳುತ್ತಿತ್ತು. ಮುಟ್ಟಾದ ಹೆಂಗಸು ಹೊರಗೆ ಕುಳಿತುಕೊಳ್ಳಬೇಕೆಂಬ ಕಟ್ಟಳೆಯು ಅವಳ ದೇಹದ ಸ್ಥಿತಿಯನ್ನು ಅವಳ ಒಪ್ಪಿಗೆಯನ್ನು ಕೇಳದೆಯೇ ತಿಂಗಳು ತಿಂಗಳು ಎಲ್ಲರ ಕಣ್ಣಿಗೂ ಬೀಳಿಸುತ್ತಿತ್ತು. ಹೀಗಾಗಿ ಖಾಸಗಿತನದ ಹಕ್ಕು ಊರಿನಲ್ಲಿ ಸಮಾನವಾಗಿ ಹಂಚಿಕೆಯಾಗಿರಲಿಲ್ಲ. ಜಾತಿ, ಲಿಂಗ ಮತ್ತು ಬಡತನಗಳು ಅದನ್ನು ನಿರ್ಧರಿಸುತ್ತಿದ್ದವು.

2020ರ ಕೊರೊನಾ ಸಾಂಕ್ರಾಮಿಕದ ಸಂದರ್ಭದಲ್ಲಿ ಈ ಹಳೆಯ ಗುರುತಿನ ಪ್ರಶ್ನೆ ಹೊಸ ರೂಪದಲ್ಲಿ ಬಂದಿತು. ವಿದೇಶಗಳಿಂದ ಮರಳಿ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ಕೈಗೆ ಮುದ್ರೆ ಒತ್ತಲಾಯಿತು. ಅವರ ವಿಳಾಸಗಳ ಪಟ್ಟಿಯನ್ನು 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿತು. ಮನೆಗಳ ಬಾಗಿಲಿಗೆ ಸೂಚನಾ ಚೀಟಿಗಳು ಬಂದವು. ರೋಗಿಗಳ ಮನೆಗಳಿಗೆ ಇಂಥ ಚೀಟಿ ಅಂಟಿಸುವ ಪದ್ಧತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್‌ನಲ್ಲಿ, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿಲ್ಲದೆ ಹಾಗೆ ಮಾಡಬಾರದೆಂದು ತಿಳಿಸಿತು. ಬೇವಿನ ಸೊಪ್ಪಿಗೂ ಅಂಟುಚೀಟಿಗೂ ಉದ್ದೇಶ ಒಂದೇ, ಸೋಂಕಿನ ಎಚ್ಚರಿಕೆ. ವ್ಯತ್ಯಾಸವಿರುವುದು ಗುರುತನ್ನು ಹಾಕುವ ಅಧಿಕಾರದಲ್ಲಿ, ಅದಕ್ಕೆ ಸಮುದಾಯವು ಕೊಡುವ ಅರ್ಥದಲ್ಲಿ ಹಾಗೂ ಅದನ್ನು ಅಳಿಸುವ ಅವಕಾಶದಲ್ಲಿ. ಬಾಗಿಲಿನ ಸೊಪ್ಪು ಒಣಗಿ ಉದುರುತ್ತದೆ. ಅಂತರಜಾಲದಲ್ಲಿ ಹರಡಿದ ಪಟ್ಟಿಯನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ನೆನಪಿನಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ

ಜನಪದ ವೈದ್ಯದಲ್ಲಿ ರೋಗಿಯ ದಾಖಲೆ ಇರುತ್ತಿದ್ದುದು ವೈದ್ಯನ ನೆನಪಿನಲ್ಲಿ. ಸೂಲಗಿತ್ತಿಯರು ಇದಕ್ಕೆ ಉತ್ತಮ ನಿದರ್ಶನ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರು ಸುಮಾರು 15,000 ಹೆರಿಗೆಗಳನ್ನು ಮಾಡಿಸಿದ್ದರೆಂದು ಪ್ರತೀತಿ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಇಂಥ ಸೂಲಗಿತ್ತಿಯ ನೆನಪಿನಲ್ಲಿ ಯಾವ ಬಸುರಿಗೆ ಮೊದಲ ಹೆರಿಗೆ ಕಷ್ಟವಾಗಿತ್ತು, ಯಾರಿಗೆ ರಕ್ತ ಹೆಚ್ಚು ಹೋಗಿತ್ತು, ಯಾರ ಕೂಸು ಉಳಿಯಲಿಲ್ಲ ಎಂಬುದೆಲ್ಲ ಉಳಿದಿರುತ್ತದೆ. ಈ ಬಗೆಯ ದಾಖಲೆಗೆ ಎರಡು ಲಕ್ಷಣಗಳಿವೆ. ಅದನ್ನು ಕೇಳಿ ಪಡೆಯಬೇಕಾದರೆ ಅವಳ ಬಳಿಗೇ ಹೋಗಬೇಕು. ಹೇಳಬೇಕೋ ಬೇಡವೋ ಎಂಬುದು ಅವಳ ವಿವೇಚನೆಗೆ ಬಿಟ್ಟದ್ದು. ಅವಳು ತೀರಿಕೊಂಡರೆ ದಾಖಲೆಯೂ ಮುಗಿಯುತ್ತದೆ. ಮೊದಲನೆಯದು ಭದ್ರತೆ, ಎರಡನೆಯದು ನಷ್ಟ. ಒಬ್ಬ ಬಸುರಿ ಬೇರೆ ಊರಿನಲ್ಲಿ ಹೆರಿಗೆಗೆ ಕುಳಿತಾಗ ಹಿಂದಿನ ಸೂಲಗಿತ್ತಿಯ ತಿಳಿವಳಿಕೆ ಅವಳ ನೆರವಿಗೆ ಬಾರದೆ ಪ್ರಾಣಕ್ಕೇ ಅಪಾಯವಾಗಬಹುದಾಗಿತ್ತು. ದಾಖಲೆಯನ್ನು ಕಾಗದಕ್ಕೆ ಇಳಿಸಬೇಕಾದ ಅಗತ್ಯ ಹುಟ್ಟಿದ್ದು ಇಲ್ಲಿಯೇ.

ಕರ್ನಾಟಕದಲ್ಲಿ ಬಸುರಿಯರಿಗೆ ನೀಡುವ ತಾಯಿ ಕಾರ್ಡ್ ಈ ದೃಷ್ಟಿಯಿಂದ ಒಂದು ಮುಖ್ಯ ಘಟ್ಟ. ತೂಕ, ರಕ್ತದೊತ್ತಡ, ರಕ್ತದ ಪ್ರಮಾಣ, ಚುಚ್ಚುಮದ್ದು ಇವೆಲ್ಲ ಅದರಲ್ಲಿ ನಮೂದಾಗುತ್ತವೆ. ತವರಿಗೆ ಹೋದರೆ ಕಾರ್ಡೂ ತವರಿಗೆ ಹೋಗುತ್ತದೆ. ಇದು ನಿಜವಾದ ಅರ್ಥದಲ್ಲಿ ವೈಯಕ್ತಿಕ ಆರೋಗ್ಯ ದಾಖಲೆ: ಅದನ್ನು ಬರೆಯುವವರು ಆರೋಗ್ಯ ಕಾರ್ಯಕರ್ತೆಯರು, ಇಟ್ಟುಕೊಳ್ಳುವವಳು ತಾಯಿ. ಆದರೆ ಅದರಲ್ಲಿರುವ ವಿವರಗಳೇ ಕಾರ್ಯಕರ್ತೆಯ ವಹಿಯಲ್ಲಿಯೂ, ಅಲ್ಲಿಂದ ಇಲಾಖೆಯ ಗಣಕ ವ್ಯವಸ್ಥೆಯಲ್ಲಿಯೂ ಸೇರುತ್ತವೆ. ತಾಯಿಯ ಕೈಯಲ್ಲಿರುವ ಕಾಗದವು ಅವಳಿಗೆ ಕಾಣುತ್ತದೆ. ಯಂತ್ರದೊಳಗಿನ ಅದರ ಪ್ರತಿಗಳು ಅವಳಿಗೆ ಕಾಣುವುದಿಲ್ಲ.

ವಿದ್ಯುನ್ಮಾನ ದಾಖಲೆಯ ರಚನೆ

ವಿದ್ಯುನ್ಮಾನ ದಾಖಲೆಗಳಲ್ಲಿ ಎರಡು ಬಗೆಗಳಿವೆ. ಆಸ್ಪತ್ರೆಯು ತನ್ನ ಕೆಲಸಕ್ಕಾಗಿ ಇಟ್ಟುಕೊಳ್ಳುವ ದಾಖಲೆ ಒಂದು. ವ್ಯಕ್ತಿಯು ತನ್ನ ಅಧೀನದಲ್ಲಿ ಇಟ್ಟುಕೊಂಡು ತನಗೆ ಬೇಕಾದವರಿಗೆ ತೋರಿಸುವ ದಾಖಲೆ ಇನ್ನೊಂದು. ಎರಡನೆಯ ಬಗೆಯನ್ನು ದೊಡ್ಡ ತಂತ್ರಜ್ಞಾನ ಸಂಸ್ಥೆಗಳು ಆರಂಭದಲ್ಲಿಯೇ ಪ್ರಯತ್ನಿಸಿದವು. ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2007ರಲ್ಲಿ ಆರಂಭವಾಗಿ 2019ರಲ್ಲಿ ನಿಂತಿತು. ಗೂಗಲ್ ಹೆಲ್ತ್ ಎಂಬ ಇದೇ ಬಗೆಯ ಸೇವೆ 2008ರಲ್ಲಿ ಬಂದು 2012ರ ಆರಂಭದಲ್ಲಿ ಕೊನೆಗೊಂಡಿತು. ವ್ಯಕ್ತಿಯ ಆಯುಷ್ಯಕ್ಕಿಂತ ಅವನ ದಾಖಲೆಯನ್ನು ಕಾಯುವ ಸಂಸ್ಥೆಯ ಸೇವೆಯ ಆಯುಷ್ಯ ಕಡಿಮೆಯಾಗಿರಬಹುದೆಂಬುದು ಇವುಗಳಿಂದ ತಿಳಿಯುತ್ತದೆ.

ಭಾರತದಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಲಾಯಿತು. 2020ರ ಆಗಸ್ಟ್ 15ರಂದು ಘೋಷಣೆಯಾದ ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಅಭಿಯಾನವು 6 ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಆರಂಭಗೊಂಡು, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಈ ವ್ಯವಸ್ಥೆಯಲ್ಲಿ ವ್ಯಕ್ತಿಗೆ 14 ಅಂಕಿಗಳ ಆಭಾ ಸಂಖ್ಯೆ ದೊರೆಯುತ್ತದೆ. ದಾಖಲೆಗಳೆಲ್ಲವನ್ನೂ ಒಂದೇ ಕಣಜದಲ್ಲಿ ತುಂಬುವ ಕ್ರಮ ಇಲ್ಲಿಲ್ಲ. ಪ್ರತಿಯೊಂದು ದಾಖಲೆಯೂ ಅದು ಹುಟ್ಟಿದ ಆಸ್ಪತ್ರೆಯಲ್ಲಿ ಅಥವಾ ಪ್ರಯೋಗಾಲಯದಲ್ಲಿಯೇ ಇರುತ್ತದೆ. ಸಂಖ್ಯೆಯು ಅವುಗಳನ್ನು ಪೋಣಿಸುವ ದಾರದಂತೆ ಕೆಲಸ ಮಾಡುತ್ತದೆ. ಇನ್ನೊಂದು ಆಸ್ಪತ್ರೆಯ ವೈದ್ಯನು ಅವುಗಳನ್ನು ನೋಡಬೇಕಾದರೆ ವ್ಯಕ್ತಿಯ ಸಮ್ಮತಿ ಬೇಕು. ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಷ್ಟು ದಿನಗಳವರೆಗೆ ಎಂಬುದೆಲ್ಲ ಆ ಸಮ್ಮತಿಪತ್ರದಲ್ಲಿ ನಮೂದಾಗುತ್ತದೆ. ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳಲೂಬಹುದು. ನೀತಿಯ ಪ್ರಕಾರ ಈ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ತತ್ತ್ವದ ಮಟ್ಟದಲ್ಲಿ ಇದು ಸೂಲಗಿತ್ತಿಯ ಬಳಿಗೇ ಹೋಗಿ ಕೇಳಬೇಕಾದ ಹಳೆಯ ಕ್ರಮಕ್ಕೆ ಹತ್ತಿರವಾದುದು. ಆದರೆ ಹೇಳುವ ವಿವೇಚನೆ ಇಲ್ಲಿ ಕಾಯುವವನಿಂದ ರೋಗಿಗೆ ವರ್ಗಾವಣೆಯಾಗಿದೆ.

ಗುಟ್ಟು ಹೊರಬೀಳುವ ದಾರಿಗಳು

ರಾಜನಿಗೆ ಕತ್ತೆಕಿವಿಗಳಿದ್ದ ಕಥೆ ಜಾನಪದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಆರ್ನೆ–ಥಾಮ್ಸನ್ ವರ್ಗೀಕರಣದಲ್ಲಿ ಇದು 782ನೆಯ ವರ್ಗಕ್ಕೆ ಸೇರುತ್ತದೆ. ರಾಜನ ದೇಹದ ಗುಟ್ಟು ಕ್ಷೌರಿಕನೊಬ್ಬನಿಗೆ ಮಾತ್ರ ಗೊತ್ತು. ಯಾರಿಗೂ ಹೇಳಕೂಡದೆಂದು ಅಪ್ಪಣೆಯಾಗಿದೆ. ಹೇಳದೆ ಇರಲಾರದ ಅವನು ಅದನ್ನು ಒಂದು ಮರಕ್ಕೆ ಹೇಳಿ ಹಗುರಾಗುತ್ತಾನೆ. ಆ ಮರದಿಂದ ವಾದ್ಯ ಮಾಡಿದಾಗ ವಾದ್ಯವೇ ಗುಟ್ಟನ್ನು ನುಡಿಯುತ್ತದೆ. ಕ್ಷೌರಿಕನಲ್ಲಿ ದುರುದ್ದೇಶವಿಲ್ಲ. ಮರ ಕಡಿದವನಿಗೂ ವಾದ್ಯ ಮಾಡಿದವನಿಗೂ ಗುಟ್ಟಿನ ಅರಿವೇ ಇಲ್ಲ. ಒಂದು ಉದ್ದೇಶಕ್ಕಾಗಿ ಒಂದೆಡೆ ಇಟ್ಟ ಮಾತು ಕೈಬದಲಾಗುತ್ತ ಹೋಗಿ, ಬೇರೊಂದು ಉದ್ದೇಶದ ಸಾಧನದಲ್ಲಿ ಹೊರಬಿತ್ತೆಂಬುದು ಕಥೆಯ ತಿರುಳು. ವಿದ್ಯುನ್ಮಾನ ದಾಖಲೆಗಳ ವಿಷಯದಲ್ಲಿಯೂ ಗುಟ್ಟು ಹೊರಬೀಳುವ ದಾರಿಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಹೊರಗಿನವರ ದಾಳಿ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಗಣಕ ಜಾಲದ ಮೇಲೆ ದಾಳಿ ನಡೆಯಿತು. 5 ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ದಾಳಿಕೋರರು ತೆರೆಯಲಾಗದಂತೆ ಬೀಗ ಹಾಕಿದ್ದರೆಂದು ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿತು. ಹಲವು ದಿನಗಳವರೆಗೆ ಹೊರರೋಗಿಗಳ ನೋಂದಣಿ, ಪರೀಕ್ಷಾ ವರದಿ ಮೊದಲಾದವು ಕಾಗದದಲ್ಲಿಯೇ ನಡೆಯಬೇಕಾಯಿತು. ಸಿಂಗಪುರದಲ್ಲಿ 2018ರಲ್ಲಿ ನಡೆದ ದಾಳಿಯಲ್ಲಿ ಸುಮಾರು 15 ಲಕ್ಷ ರೋಗಿಗಳ ವಿವರಗಳು ಕಳುವಾದವು. ಅವುಗಳಲ್ಲಿ ಅಂದಿನ ಪ್ರಧಾನಿಯವರದೂ ಸೇರಿತ್ತು. ಇವೆಲ್ಲಕ್ಕಿಂತ ಕಠೋರವಾದುದು ಫಿನ್ಲೆಂಡಿನ ಪ್ರಕರಣ. ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಕದ್ದ ದಾಖಲೆಗಳನ್ನು ಮುಂದಿಟ್ಟುಕೊಂಡು 2020ರಲ್ಲಿ ಮೊದಲು ಸಂಸ್ಥೆಯನ್ನೂ ನಂತರ ರೋಗಿಗಳನ್ನೂ ಹಣಕ್ಕಾಗಿ ಬೆದರಿಸಲಾಯಿತು. ಬಾಧಿತರ ಸಂಖ್ಯೆ ಸುಮಾರು 33,000. ಅಪರಾಧಿಗೆ 2024ರಲ್ಲಿ ಶಿಕ್ಷೆಯಾಯಿತು. ಆದರೆ ಅಂತರಜಾಲದಲ್ಲಿ ಚೆಲ್ಲಿಹೋದ ಮಾತುಗಳು ಮರಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಎರಡನೆಯದು ಒಳಗಿನವರ ಕುತೂಹಲ. ದಾಖಲೆಯನ್ನು ತೆರೆಯಲು ಅಧಿಕಾರವಿರುವ ಸಿಬ್ಬಂದಿಯೇ ನೆಂಟರ, ನೆರೆಯವರ, ಪ್ರಸಿದ್ಧರ ವಿವರಗಳನ್ನು ಇಣುಕಿ ನೋಡಬಹುದು. ಇದು ಊರಿನ ಹರಟೆಯ ಹೊಸ ರೂಪ. ಊರಿನಲ್ಲಿ ಮಾತು ಯಾರ ಬಾಯಿಂದ ಹೊರಟಿತೆಂಬುದು ಒಂದಲ್ಲ ಒಂದು ದಿನ ತಿಳಿಯುತ್ತದೆ. ಆ ಭಯವೇ ಬಾಯಿಗೆ ಬೀಗ. ಗಣಕ ವ್ಯವಸ್ಥೆಯಲ್ಲಿ ಈ ಕೆಲಸವನ್ನು ಮಾಡಬೇಕಾದುದು ವೀಕ್ಷಣೆಯ ಲೆಕ್ಕ, ಅಂದರೆ ಯಾರು ಯಾವಾಗ ಯಾವ ದಾಖಲೆಯನ್ನು ತೆರೆದರೆಂಬ ಅಳಿಸಲಾಗದ ಪಟ್ಟಿ. ಎಸ್ಟೋನಿಯಾದಲ್ಲಿ 2008ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಆರೋಗ್ಯ ದಾಖಲೆ ವ್ಯವಸ್ಥೆಯಲ್ಲಿ ತನ್ನ ದಾಖಲೆಯನ್ನು ಯಾರು ನೋಡಿದರೆಂಬುದನ್ನು ನಾಗರಿಕನೇ ನೋಡಬಹುದು. ಪಟ್ಟಿಯಿದ್ದರೆ ಸಾಲದು, ಅದು ರೋಗಿಗೆ ಕಾಣಬೇಕು ಎಂಬ ತತ್ತ್ವ ಇಲ್ಲಿ ಗಮನಾರ್ಹ.

ಮೂರನೆಯದು ಜೋಡಣೆ. ಹೆಸರು ತೆಗೆದುಹಾಕಿದ ಮಾತ್ರಕ್ಕೆ ವ್ಯಕ್ತಿಯ ಗುರುತು ಅಳಿಯುವುದಿಲ್ಲ. 1990ರ ದಶಕದಲ್ಲಿ ಲಟಾನ್ಯಾ ಸ್ವೀನಿ ಎಂಬ ಅಮೆರಿಕದ ಸಂಶೋಧಕಿಯು, ಹೆಸರುಗಳಿಲ್ಲದೆ ಸಂಶೋಧನೆಗೆ ನೀಡಲಾಗಿದ್ದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನೇ ಗುರುತಿಸಿದರು. ಅಂಚೆ ಸಂಖ್ಯೆ, ಜನ್ಮದಿನಾಂಕ ಮತ್ತು ಲಿಂಗ ಇವು ಮೂರಿದ್ದರೆ ಅಮೆರಿಕದ ಜನರಲ್ಲಿ ಶೇ. 87ರಷ್ಟು ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸುವ ಸಾಧ್ಯತೆಯಿದೆಯೆಂದು 2000ದಲ್ಲಿ ಅವರು ಅಂದಾಜಿಸಿದರು. ಗ್ರಾಮಸಮಾಜವನ್ನು ಬಲ್ಲವರಿಗೆ ಇದು ಅಚ್ಚರಿಯ ಮಾತಲ್ಲ. ಕೇರಿ, ವಯಸ್ಸು, ಕಸುಬು ಹೇಳಿದರೆ ಊರಿನಲ್ಲಿ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ.

ಕಾನೂನಿನ ಕಾವಲು

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನಿಂದಲೇ ತೀರ್ಪು ಪ್ರಸಿದ್ಧವಾಗಿದೆ. ಅದಕ್ಕೂ ಮೊದಲು 1998ರಲ್ಲಿ, ಮದುವೆ ನಿಶ್ಚಯವಾಗಿದ್ದ ವ್ಯಕ್ತಿಯೊಬ್ಬರ ಎಚ್‌ಐವಿ ಸೋಂಕಿನ ವಿಷಯವನ್ನು ಆಸ್ಪತ್ರೆಯು ಹೊರಗೆಡಹಿದ ಪ್ರಕರಣದಲ್ಲಿ, ಗೋಪ್ಯತೆಯ ಹಕ್ಕು ನಿರಪೇಕ್ಷವಲ್ಲ, ಮದುವೆಯಾಗಲಿರುವ ಹೆಣ್ಣಿನ ಆರೋಗ್ಯದ ಹಕ್ಕೂ ಗಣನೆಗೆ ಬರುತ್ತದೆ ಎಂದು ಅದೇ ನ್ಯಾಯಾಲಯ ಹೇಳಿತ್ತು. ಮದುವೆಯ ಮಾತುಕತೆಯಲ್ಲಿ ಮನೆತನದ ರೋಗವನ್ನು ವಿಚಾರಿಸುವ ಹಳೆಯ ರೂಢಿಯ ಒಳಗಿರುವ ಇಕ್ಕಟ್ಟೇ ಇಲ್ಲಿ ನ್ಯಾಯದ ಪ್ರಶ್ನೆಯಾಗಿ ಬಂದಿದೆ.

ವೈದ್ಯರ ನಡತೆಯನ್ನು ಕುರಿತ 2002ರ ನಿಯಮಾವಳಿಯು ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ವಿಧಿಸುವುದರ ಜೊತೆಗೆ, ರೋಗಿ ಕೇಳಿದರೆ ಅವನ ದಾಖಲೆಯನ್ನು 72 ಗಂಟೆಗಳೊಳಗೆ ಒದಗಿಸಬೇಕೆಂದೂ ಹೇಳಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಸೋಂಕಿತರ ಮಾಹಿತಿಯ ರಕ್ಷಣೆಗೆ ಪ್ರತ್ಯೇಕ ಏರ್ಪಾಡುಗಳನ್ನು ಕಡ್ಡಾಯಗೊಳಿಸಿತು. ಅದೇ ವರ್ಷದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಗೋಪ್ಯತೆಯ ಹಕ್ಕು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹವಾದ ಮಾಹಿತಿಗೂ ಅನ್ವಯವಾಗುತ್ತದೆ. ಆ ಕಾಯಿದೆಯ ಅನುಷ್ಠಾನಕ್ಕಾಗಿ ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೆರವಿನಿಂದ ಇ-ಮಾನಸ್ ಎಂಬ ದಾಖಲೆ ವ್ಯವಸ್ಥೆ ಬಳಕೆಗೆ ಬಂದಿದೆ. ಹುಚ್ಚೆಂಬ ಒಂದು ಮಾತಿನಿಂದ ಇಡೀ ಮನೆತನಕ್ಕೆ ಕಳಂಕ ತಟ್ಟುತ್ತಿದ್ದ ಸಮಾಜದಲ್ಲಿ ಇಂಥ ವ್ಯವಸ್ಥೆಯ ಭದ್ರತೆ ಎಷ್ಟು ಸೂಕ್ಷ್ಮವಾದುದೆಂದು ಹೇಳಬೇಕಾಗಿಲ್ಲ.

ಇವೆಲ್ಲಕ್ಕೂ ಮೇಲ್ಕಟ್ಟಿನಂತೆ ಬಂದುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಉಪಬಂಧಗಳನ್ನು ಹಂತಹಂತವಾಗಿ ಜಾರಿಗೆ ತರುವ ಕ್ರಮವನ್ನು ಅನುಸರಿಸಲಾಗಿದೆ. ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಇದರಲ್ಲಿ ಅವಕಾಶವಿದೆ. ಆದರೆ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಗುರುತಿಸಲಾಗಿತ್ತು. ಹೊಸ ಕಾಯಿದೆಯಲ್ಲಿ ಅಂಥ ಪ್ರತ್ಯೇಕ ವರ್ಗವಿಲ್ಲ. ಫೋನಿನ ಸಂಖ್ಯೆಗೂ ರೋಗದ ಹೆಸರಿಗೂ ವ್ಯತ್ಯಾಸವನ್ನು ಜನಪದರ ಗೋಪ್ಯತೆಯ ಕಲ್ಪನೆ ಸ್ಪಷ್ಟವಾಗಿ ಮಾಡುತ್ತದೆ. ಕಾಯಿದೆಯು ಆ ವ್ಯತ್ಯಾಸವನ್ನು ಮಾಡದಿರುವುದು ಚಿಂತಿಸಬೇಕಾದ ಸಂಗತಿ.

ಸಮ್ಮತಿ ಮತ್ತು ಮನೆಯ ಫೋನು

ಕಾನೂನೂ ತಂತ್ರಜ್ಞಾನವೂ ನಿಂತಿರುವುದು ಸಮ್ಮತಿಯೆಂಬ ಕಂಬದ ಮೇಲೆ. ಓದಲು ಬಲ್ಲ, ತನ್ನದೇ ಫೋನಿರುವ, ತನ್ನ ದೇಹದ ಬಗೆಗೆ ತಾನೇ ತೀರ್ಮಾನಿಸುವ ಒಬ್ಬ ವ್ಯಕ್ತಿಯನ್ನು ಅವು ಕಲ್ಪಿಸಿಕೊಂಡಿವೆ. ಗ್ರಾಮಾಂತರ ಪ್ರದೇಶದಲ್ಲಿ ಅನೇಕ ಮನೆಗಳಿಗೆ ಫೋನು ಒಂದೇ. ಅದು ಇರುವುದು ಗಂಡನ ಅಥವಾ ಮಗನ ಕೈಯಲ್ಲಿ. ದಾಖಲೆ ತೆರೆಯಲು ಬೇಕಾದ ಗುಪ್ತಸಂಖ್ಯೆ ಬರುವುದು ಆ ಫೋನಿಗೆ. ಮೊದಲ ಮೂರು ತಿಂಗಳು ತುಂಬುವವರೆಗೆ ಬಸಿರನ್ನು ಹೊರಗೆ ಹೇಳಬಾರದೆಂಬ ರೂಢಿಯಿದೆ. ಅತ್ತೆಗೆ ಮೊದಲು ಹೇಳಬೇಕೋ ತಾಯಿಗೆ ಮೊದಲು ಹೇಳಬೇಕೋ ಎಂಬ ಲೆಕ್ಕಾಚಾರವೂ ಹೆಣ್ಣಿನದಾಗಿತ್ತು. ಪರೀಕ್ಷೆಯ ಫಲಿತಾಂಶವು ಫೋನಿಗೆ ಸಂದೇಶವಾಗಿ ಬಂದ ಕ್ಷಣದಲ್ಲಿ ಆ ಲೆಕ್ಕಾಚಾರಕ್ಕೆ ಅವಕಾಶ ಉಳಿಯುವುದಿಲ್ಲ. ಗರ್ಭನಿರೋಧಕ ಬಳಸುವವಳು, ಗರ್ಭಪಾತ ಮಾಡಿಸಿಕೊಂಡವಳು, ಹೊಡೆತ ತಿಂದು ಗಾಯಕ್ಕೆ ಮದ್ದು ಹಾಕಿಸಿಕೊಂಡವಳು ಗುಟ್ಟನ್ನು ಕಾಯಬೇಕಾದುದು ದೂರದ ದಾಳಿಕೋರನಿಂದಲ್ಲ, ಹೊಸ್ತಿಲ ಒಳಗಿನವರಿಂದ. ಅಂಥವಳಿಗೆ ಸರ್ವರ್‌ನ ಬೀಗ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಓದುಬರಹ ಬಾರದವರ ವಿಷಯದಲ್ಲಿ ಸಮ್ಮತಿಯ ಗುಂಡಿ ಒತ್ತುವವರು ಹಲವೊಮ್ಮೆ ಆಶಾ ಕಾರ್ಯಕರ್ತೆ ಅಥವಾ ಆಸ್ಪತ್ರೆಯ ನೋಂದಣಿ ಸಿಬ್ಬಂದಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆ ಅದೇ ಊರಿನವಳು. ಅದೇ ಅವಳ ಬಲ, ಅದೇ ಅವಳ ಇಕ್ಕಟ್ಟು. ಸೂಲಗಿತ್ತಿಯಂತೆ ಅವಳೂ ಹೊಸ್ತಿಲು ದಾಟಿ ಒಳಗೆ ಹೋಗುತ್ತಾಳೆ. ಸೂಲಗಿತ್ತಿಗೆ ಯಾವುದನ್ನು ನುಂಗಿಕೊಳ್ಳಬೇಕೆಂಬ ಪರಂಪರೆಯ ಶಿಕ್ಷಣವಿತ್ತು. ಆಶಾ ಕಾರ್ಯಕರ್ತೆಯಿಂದ ವ್ಯವಸ್ಥೆಯು ಬಯಸುವುದು ಎಲ್ಲ ಕಲಮುಗಳನ್ನೂ ತುಂಬಿದ ನಮೂನೆಯನ್ನು. ಯಾವ ಕಲಮನ್ನು ಖಾಲಿ ಬಿಡಬಹುದೆಂಬ ವಿವೇಚನೆಗೆ ಆ ನಮೂನೆಯಲ್ಲಿ ಜಾಗವಿರುವುದಿಲ್ಲ. ಚರಕಸಂಹಿತೆ ಹೇಳುವ ಮನೆಯ ಗುಟ್ಟಿನ ಕಟ್ಟಳೆಯು ಇಂದು ಅನ್ವಯವಾಗಬೇಕಾದ ಸ್ಥಳ ಇದೇ.

ಜಾನಪದ ಸಂಗ್ರಹಗಳ ಹೊಣೆ

ಈ ಚರ್ಚೆಯು ಆಸ್ಪತ್ರೆಗಳಿಗೆ ಮಾತ್ರ ಸೀಮಿತವಾದುದಲ್ಲ. ವಿಶ್ವವಿದ್ಯಾಲಯಗಳಲ್ಲಿ, ಅಕಾಡೆಮಿಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ ಜನಪದ ವೈದ್ಯಕ್ಕೆ ಸಂಬಂಧಿಸಿದ ಧ್ವನಿಸುರುಳಿಗಳು, ಟಿಪ್ಪಣಿ ಪುಸ್ತಕಗಳು, ಛಾಯಾಚಿತ್ರಗಳು ಹೇರಳವಾಗಿವೆ. ವೈದ್ಯನು ತನ್ನ ಕೈಗುಣವನ್ನು ವಿವರಿಸುವಾಗ ಯಾವ ಊರಿನ ಯಾರಿಗೆ ಯಾವ ರೋಗ ವಾಸಿಯಾಯಿತೆಂದು ಹೆಸರು ಹಿಡಿದು ಹೇಳುವುದು ಸಹಜ. ದೈವದ ಹೇಳಿಕೆ, ಕಣಿ, ದೆವ್ವ ಬಿಡಿಸುವ ಆಚರಣೆಗಳ ಧ್ವನಿಮುದ್ರಣಗಳಲ್ಲಿ ಬಂಜೆತನ, ಮನೋರೋಗ, ದಾಂಪತ್ಯದ ಕಲಹ ಇವೆಲ್ಲ ಇಂದು ಬದುಕಿರುವವರ ಹೆಸರುಗಳೊಂದಿಗೆ ದಾಖಲಾಗಿರುತ್ತವೆ. ಧ್ವನಿಮುದ್ರಿಸಲು ಸಮ್ಮತಿ ಕೊಟ್ಟವನು ವೈದ್ಯ, ರೋಗಿಯಲ್ಲ. ಕಪಾಟಿನಲ್ಲಿದ್ದಷ್ಟು ಕಾಲ ಈ ಸುರುಳಿಗಳು ಯಾರಿಗೂ ಸುಲಭವಾಗಿ ಎಟುಕುತ್ತಿರಲಿಲ್ಲ. ಡಿಜಿಟಲ್ ರೂಪಕ್ಕೆ ಬಂದು, ಸೂಚಿಯೊಡನೆ ಅಂತರಜಾಲವನ್ನು ಸೇರಿದಾಗ ಅವೂ ಆರೋಗ್ಯ ದಾಖಲೆಗಳೇ ಆಗುತ್ತವೆ.

2023ರ ಕಾಯಿದೆಯು ಮೊದಲು ಕಾಗದದಲ್ಲೋ ಸುರುಳಿಯಲ್ಲೋ ಇದ್ದು ಆಮೇಲೆ ಡಿಜಿಟಲ್ ರೂಪಕ್ಕೆ ತಂದ ವೈಯಕ್ತಿಕ ದತ್ತಾಂಶಕ್ಕೂ ಅನ್ವಯವಾಗುತ್ತದೆ. ಸಂಶೋಧನೆ ಮತ್ತು ದಾಖಲೆ ಸಂರಕ್ಷಣೆಗೆ, ನಿಗದಿತ ಮಾನಕಗಳನ್ನು ಪಾಲಿಸಿದಲ್ಲಿ, ಅದು ವಿನಾಯಿತಿಯನ್ನೂ ಕೊಟ್ಟಿದೆ. ವಿನಾಯಿತಿಯಿಂದ ಕಾನೂನಿನ ಭಯ ಕಡಿಮೆಯಾಗುತ್ತದೆ, ನೈತಿಕ ಹೊಣೆ ಕಡಿಮೆಯಾಗುವುದಿಲ್ಲ. ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ವೈದ್ಯ ಸಂಬಂಧಿ ಸಂಗ್ರಹಗಳನ್ನು ಅಂತರಜಾಲಕ್ಕೆ ಏರಿಸುವ ಮುನ್ನ ಮದ್ದಿನ ಗುಟ್ಟನ್ನೂ ರೋಗಿಯ ಗುಟ್ಟನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು. ಎರಡನೆಯದಾಗಿ, ಹೆಸರನ್ನು ಬದಲಿಸಿ ಊರು, ಜಾತಿ, ಕಸುಬು, ವಯಸ್ಸುಗಳನ್ನು ಹಾಗೆಯೇ ಉಳಿಸುವ ಪ್ರಚಲಿತ ಪದ್ಧತಿ ಸಾಲದು. ಸ್ವೀನಿಯವರ ಸಂಶೋಧನೆ ತೋರಿಸಿದಂತೆ ಈ ವಿವರಗಳ ಜೋಡಣೆಯೇ ಹೆಸರಾಗುತ್ತದೆ. ಮೂರನೆಯದಾಗಿ, ಮೂಲ ಸುರುಳಿಯನ್ನು ತಿದ್ದದೆ ಕಾಪಾಡಿ, ಓದುಗರಿಗೆ ನೀಡುವ ಪ್ರತಿಯಲ್ಲಿ ಮಾತ್ರ ರೋಗಿಯ ಗುರುತನ್ನು ಮರೆಮಾಡಬೇಕು; ಮೂಲವನ್ನು ನೋಡಿದವರ ಲೆಕ್ಕವನ್ನು ಗ್ರಂಥಾಲಯವು ಇಡಬೇಕು. ನಾಲ್ಕನೆಯದಾಗಿ, ಮುಂದಿನ ಕ್ಷೇತ್ರಕಾರ್ಯದಲ್ಲಿ ವೈದ್ಯನ ಸಮ್ಮತಿಯ ಜೊತೆಗೆ ಹಾಜರಿರುವ ರೋಗಿಯ ಸಮ್ಮತಿಯನ್ನೂ ಅವರ ಮಾತಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಬೇಕು.

ಸಮಾರೋಪ

ಜನಪದ ಸಮಾಜವು ಖಾಸಗಿತನದ ಆದರ್ಶ ಲೋಕವಾಗಿರಲಿಲ್ಲ. ಅಲ್ಲಿ ಕಳಂಕವಿತ್ತು, ಹರಟೆಯಿತ್ತು, ದುರ್ಬಲರ ಗುಟ್ಟಿಗೆ ಬೆಲೆಯಿರಲಿಲ್ಲ. ಆದರೂ ಗುಟ್ಟನ್ನು ಕುರಿತು ಆ ಸಮಾಜ ಕಂಡುಕೊಂಡಿದ್ದ ಕೆಲವು ತಿಳಿವಳಿಕೆಗಳು ಇಂದಿಗೂ ಉಪಯುಕ್ತವಾಗಿವೆ. ರೋಗದ ಎಲ್ಲ ಸುದ್ದಿಯೂ ಒಂದೇ ತೂಕದ್ದಲ್ಲ. ಕೆಲವನ್ನು ಸಾರಬೇಕು, ಕೆಲವನ್ನು ನುಂಗಬೇಕು. ಹೇಳಿದವರಿಗೆ ಕೇಳಿದವರು ಯಾರೆಂದು ತಿಳಿದಿರಬೇಕು. ಬಾಗಿಲಿಗೆ ಕಟ್ಟಿದ ಗುರುತನ್ನು ತೆಗೆಯುವ ದಿನವೂ ಇರಬೇಕು. ವಿದ್ಯುನ್ಮಾನ ದಾಖಲೆಯಿಂದ ಆಗುವ ಉಪಕಾರ ದೊಡ್ಡದು. ಬೇರೆ ಊರಿನಲ್ಲಿ ಹೆರಿಗೆ ನೋವಿಗೆ ಸಿಕ್ಕಿದ ಹೆಣ್ಣಿನ ಪ್ರಾಣವನ್ನು ಅದು ಉಳಿಸಬಲ್ಲದು. ತನ್ನ ಮಾತು ಎಲ್ಲಿಗೋ ಹೋಗುತ್ತದೆಂಬ ಅಂಜಿಕೆ ಹುಟ್ಟಿದರೆ ಅದೇ ಹೆಣ್ಣು ವೈದ್ಯರ ಮುಂದೆ ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾಳೆ, ಅಥವಾ ಆಸ್ಪತ್ರೆಗೆ ಬರುವುದೇ ಇಲ್ಲ. ಆದ್ದರಿಂದ ಗೋಪ್ಯತೆಯು ಚಿಕಿತ್ಸೆಗೆ ಹೊರಗಿನಿಂದ ಹೇರಿದ ಕಟ್ಟುಪಾಡಲ್ಲ, ಚಿಕಿತ್ಸೆಯದೇ ಒಂದು ಅಂಗ. ಈ ದಿಕ್ಕಿನಲ್ಲಿ ಕನ್ನಡ ನಾಡಿನ ಬೇರೆಬೇರೆ ಪ್ರದೇಶಗಳ ಸೂಲಗಿತ್ತಿಯರು, ನಾಟಿ ವೈದ್ಯರು ಹಾಗೂ ಆಶಾ ಕಾರ್ಯಕರ್ತೆಯರ ನಡುವೆ ತೌಲನಿಕ ಕ್ಷೇತ್ರಕಾರ್ಯ ನಡೆಯುವುದು ಅಗತ್ಯ.